ಫ್ಯಾನಿ ಬ್ರಾನ್‌ಳ ಸೂಜಿ

ಪ್ರಸಿದ್ಧ ಲೇಖಕರ ಪ್ರೇಮಪ್ರಸಂಗಗಳನ್ನು ಅವರ ಕಾಲದ ಉಡುಗೆ ತೊಡುಗೆ, ಸಾರೋಟು, ಮೇಣದಬತ್ತಿಗಳ ನಡುವೆ ಕಟ್ಟಿಕೊಡುವ ಚಿತ್ರಗಳಲ್ಲಿ ಬಹುಪಾಲಿಗೆ ಒಂದೇ ಚಾಳಿಯಿದೆ: ಕಾದಂಬರಿಯಲ್ಲಿ ಒಬ್ಬ ನಾಯಕನಿದ್ದರೆ ಅವನ ಹಿಂದೆ ಲೇಖಕಿ ಪ್ರೀತಿಸಿ ಕಳೆದುಕೊಂಡ ಗಂಡಸೊಬ್ಬ ಇದ್ದೇ ಇರಬೇಕೆಂದು ಅವು ಪಟ್ಟು ಹಿಡಿಯುತ್ತವೆ. ಬರೆದವರ ಮಲಗುವ ಕೋಣೆಯಲ್ಲಿ ಕೃತಿಯ ಬೀಗದ ಕೈ ಸಿಕ್ಕೀತೆಂದು ನಂಬುವ ಈ ಜನರನ್ನು ಕೀಲಿಕೈ ಪಂಥದವರು ಎನ್ನಬಹುದು. ಇವರ ಮೇಲಿನ ಮುನಿಸು ಅಂಕಣದ ಕಾಯಂ ಓದುಗರಿಗೆ ಹೊಸದೇನಲ್ಲ.

ಜೂಲಿಯನ್ ಜರಾಲ್ಡ್ ನಿರ್ದೇಶಿಸಿದ ‘ಬಿಕಮಿಂಗ್ ಜೇನ್’ (2007) ಈ ಪಂಥದ ಮಾದರಿ ಕೃತಿ. ಇಪ್ಪತ್ತರ ಹರೆಯದ ಜೇನ್ ಆಸ್ಟಿನ್ 1796ರ ಜನವರಿಯಲ್ಲಿ ಅಕ್ಕ ಕಸಾಂಡ್ರಳಿಗೆ ಬರೆದ ಪತ್ರಗಳಲ್ಲಿ ಟಾಮ್ ಲೆಫ್ರಾಯ್ ಎಂಬ ಐರಿಷ್ ತರುಣನೊಡನೆ ನರ್ತಿಸಿದ್ದನ್ನು ನಗೆಚಾಟಿಕೆಯಿಂದ ಹೇಳಿಕೊಂಡಿದ್ದಾಳೆ. ಅವನು ಊರು ಬಿಟ್ಟು ಹೋದ, ಮುಂದೆ ಐರ್ಲೆಂಡಿನ ಮುಖ್ಯ ನ್ಯಾಯಾಧೀಶನಾದ. ಇಷ್ಟು ಸಾಮಗ್ರಿಯಿಂದ ಚಿತ್ರವು ಇಬ್ಬರೂ ಓಡಿಹೋಗುವ ಪ್ರಸಂಗವನ್ನೇ ಹೊಸೆಯುತ್ತದೆ. ಆದರೆ 1802ರ ಡಿಸೆಂಬರಿನಲ್ಲಿ ಹ್ಯಾರಿಸ್ ಬಿಗ್-ವಿದರ್ ಎಂಬ ಸ್ಥಿತಿವಂತ ಮದುವೆಯ ಪ್ರಸ್ತಾಪ ಮಾಡಿದಾಗ ಸಂಜೆ ಒಪ್ಪಿ, ಬೆಳಗಾಗುವಷ್ಟರಲ್ಲಿ ಒಲ್ಲೆನೆಂದ ನಿಜವಾದ ಘಟನೆ, ಯಾವ ಚಿತ್ರಕಥೆಗಾರನಾದರೂ ಕಣ್ಣಿಗೊತ್ತಿಕೊಳ್ಳಬೇಕಾದದ್ದು, ಇಲ್ಲಿ ಬರುವುದೇ ಇಲ್ಲ. ಅದರ ಬದಲು ವಿಸ್ಲಿ ಎಂಬ ಕಲ್ಪಿತ ವರನಿದ್ದಾನೆ. ಇದಕ್ಕಿಂತ ದೊಡ್ಡ ಅನ್ಯಾಯ ಬೇರೆಯೇ ಇದೆ. ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ ಕಾದಂಬರಿಯ ಮೊದಲ ರೂಪ 1796-97ರಲ್ಲಿ ಸಿದ್ಧವಾಗಿ, ತಿದ್ದುಪಡಿಗೊಂಡು, ಅಚ್ಚಾಗಿದ್ದು 1813ರಲ್ಲಿ. ಆ ವರ್ಷಗಳ ಕೈಕೆಲಸವೆಲ್ಲ ಒಂದು ಚಳಿಗಾಲದ ಕುಣಿತಕ್ಕೆ ಸಂದಾಯವಾಗುವುದನ್ನು ಒಪ್ಪುವುದು ಹೇಗೆ? ‘ಎಮಿಲಿ’ (2022) ಚಿತ್ರವೂ ಎಮಿಲಿ ಬ್ರಾಂಟಿಗೆ, ಯಾವ ದಾಖಲೆಯ ಆಧಾರವೂ ಇಲ್ಲದೆ, ವಿಲಿಯಂ ವೇಟ್‌ಮನ್ ಎಂಬ ಕಿರಿಯ ಪಾದ್ರಿಯೊಡನೆ ಗುಟ್ಟಿನ ಪ್ರಣಯವನ್ನು ಅಂಟಿಸುತ್ತದೆ.

‘ಶೇಕ್ಸ್‌ಪಿಯರ್ ಇನ್ ಲವ್’ (1998) ಮಾಡಿದ್ದೂ ಇದನ್ನೇ ಅಲ್ಲವೇ ಎಂದು ಕೇಳುವವರಿದ್ದಾರೆ. ರೋಮಿಯೋ ಜೂಲಿಯೆಟರ ಕಥೆ ಆರ್ಥರ್ ಬ್ರೂಕ್ 1562ರಲ್ಲೇ ಪ್ರಕಟಿಸಿದ ಕಾವ್ಯದಿಂದ ಬಂದದ್ದೆಂಬುದನ್ನು ಬಲ್ಲವರೇ ಬರೆದ ಹುಡುಗಾಟಿಕೆ ಅದು. ಚರಿತ್ರೆಯ ಸೋಗು ಹಾಕುವುದಿಲ್ಲ. ಕನ್ನಡದ ‘ಕವಿರತ್ನ ಕಾಳಿದಾಸ’ (1983) ಚಿತ್ರದಲ್ಲಿ ರಾಜಕುಮಾರ್ ಕಾಳಿದಾಸನೂ ಹೌದು, ದುಷ್ಯಂತನೂ ಹೌದು. ಜಯಪ್ರದಾ ವಿದ್ಯಾಧರೆಯೂ ಹೌದು, ಶಕುಂತಲೆಯೂ ಹೌದು. ಕವಿಯ ಬಾಳು, ಕವಿಯ ನಾಟಕ ಎರಡಕ್ಕೂ ಒಂದೇ ಮುಖವಿಟ್ಟ ಆ ಚಿತ್ರ ದಂತಕಥೆಯನ್ನು ದಂತಕಥೆಯಾಗಿಯೇ ಹಾಡಿದ್ದರಿಂದ ಅದರ ಮೇಲೆ ಯಾರಿಗೂ ದೂರಿಲ್ಲ.

ಈ ವಾರ ಆಸ್ಟಿನ್ ಚಿತ್ರದ ಲೆಕ್ಕ ಚುಕ್ತಾ ಮಾಡುವುದಷ್ಟೇ ಉದ್ದೇಶವಾಗಿತ್ತಾದರೂ, ಕೀಲಿಕೈಯ ಗೊಡವೆಗೇ ಹೋಗದ ಒಂದು ಚಿತ್ರ ಕಣ್ಣೆದುರಿಗಿರುವಾಗ ಕೆಟ್ಟದ್ದರ ಜೊತೆ ಗುದ್ದಾಡುವುದು ವ್ಯರ್ಥ. ಜೇನ್ ಕ್ಯಾಂಪಿಯನ್ ಅವರ ‘ಬ್ರೈಟ್ ಸ್ಟಾರ್’ (2009) ಕವಿ ಜಾನ್ ಕೀಟ್ಸ್ ಮತ್ತು ನೆರೆಮನೆಯ ಫ್ಯಾನಿ ಬ್ರಾನ್‌ಳ ಕಥೆ. ಅದು ತೆರೆದುಕೊಳ್ಳುವುದು ಕಾವ್ಯದಿಂದಲ್ಲ, ಹೊಲಿಗೆಯಿಂದ: ತೆರೆ ತುಂಬುವಷ್ಟು ಹತ್ತಿರದಲ್ಲಿ ಸೂಜಿಯೊಂದು ಬಟ್ಟೆಯನ್ನು ಚುಚ್ಚಿ, ದಾರವನ್ನು ಎಳೆದುಕೊಂಡು ಹೊರಬರುತ್ತದೆ. ತನ್ನ ಉಡುಪನ್ನು ತಾನೇ ಕತ್ತರಿಸಿ ಹೊಲಿದುಕೊಳ್ಳುವ ಫ್ಯಾನಿ ಕವಿಯ ಸ್ಫೂರ್ತಿಮೂರ್ತಿಯಾಗಿ ಸೋಫಾದ ಮೇಲೆ ಒರಗುವವಳಲ್ಲ, ಕೈಯಲ್ಲಿ ಕಸುಬಿರುವವಳು. ಕೀಟ್ಸನ ತಮ್ಮ ಟಾಮ್ ಕ್ಷಯದಿಂದ ತೀರಿಕೊಂಡಾಗ ಅವಳು ರಾತ್ರಿಯೆಲ್ಲ ಕುಳಿತು ಅವನ ತಲೆದಿಂಬಿನ ಹೊದಿಕೆಗೆ ಕಸೂತಿ ಹಾಕುತ್ತಾಳೆ, ಆಡಲು ಮಾತಿಲ್ಲದ ಕಡೆ ಆ ದಾರವೇ ಸಂತಾಪವಾಗುತ್ತದೆ.

ಹ್ಯಾಂಪ್‌ಸ್ಟೆಡ್‌ನ ವೆಂಟ್‌ವರ್ತ್ ಪ್ಲೇಸ್ ಒಂದೇ ಸೂರಿನಡಿಯ ಜೋಡಿಮನೆ. ಒಂದು ಪಾಲಿನಲ್ಲಿ ಗೆಳೆಯ ಚಾರ್ಲ್ಸ್ ಬ್ರೌನನೊಡನೆ ಕೀಟ್ಸ್ ಇದ್ದ. ಇನ್ನೊಂದಕ್ಕೆ 1819ರ ಏಪ್ರಿಲ್‌ನಲ್ಲಿ ಬ್ರಾನ್ ಕುಟುಂಬ ಬಂತು. ವೈದ್ಯಕೀಯ ಕಲಿತು ಬಿಟ್ಟ, ಸಂಪಾದನೆಯಿಲ್ಲದ ಕವಿಗೆ ಹೆಣ್ಣು ಕೊಡುವವರಾರು ಎಂಬ ಇಕ್ಕಟ್ಟನ್ನು ಚಿತ್ರವು ಸಂಭಾಷಣೆಯಲ್ಲಿ ಹೇಳುವುದಕ್ಕಿಂತ ಹೆಚ್ಚಾಗಿ ಆ ನಡುಗೋಡೆಯ ಮೂಲಕವೇ ಹೇಳಿಸುತ್ತದೆ. ಅದೇ ವಸಂತದಲ್ಲಿ ಕೀಟ್ಸ್ ಕೋಗಿಲೆಯಂತೆ ಹಾಡಿಗೆ ಹೆಸರಾದ ನೈಟಿಂಗೇಲ್ ಹಕ್ಕಿಯ ಕುರಿತ ಪ್ರಗಾಥವನ್ನು, ಅಂದರೆ ಒಂದು ವಸ್ತುವನ್ನು ಸಂಬೋಧಿಸಿ ಗಂಭೀರ ಧಾಟಿಯಲ್ಲಿ ಬೆಳೆಯುವ ದೀರ್ಘ ಭಾವಗೀತೆಯನ್ನು, ಬರೆದ. ಬ್ರೌನ್ ನೆನಪಿಸಿಕೊಂಡಿರುವಂತೆ, ಅವನು ಬೆಳಗಿನ ತಿಂಡಿಯ ಮೇಜಿನಿಂದ ಕುರ್ಚಿಯೊಂದನ್ನು ಹಿತ್ತಲಿನ ಪ್ಲಮ್ ಮರದಡಿಗೆ ಒಯ್ದು ಎರಡು ಮೂರು ಗಂಟೆ ಕುಳಿತಿದ್ದು ಒಳಬಂದು, ಕೆಲವು ಕಾಗದದ ಚೂರುಗಳನ್ನು ಪುಸ್ತಕಗಳ ಹಿಂದೆ ತುರುಕಿದ. ಕ್ಯಾಂಪಿಯನ್ ಕುರ್ಚಿ, ಮರಗಳನ್ನು ತೋರಿಸಿ ಸುಮ್ಮನಾಗುತ್ತಾರೆ. ಕೀಲಿಕೈ ಪಂಥದ ನಿರ್ದೇಶಕರಾಗಿದ್ದರೆ ಕಿಟಕಿಯಲ್ಲಿ ಫ್ಯಾನಿಯ ಮುಖವಿಟ್ಟು, ಮರುಗಳಿಗೆಯೇ ಲೇಖನಿಯನ್ನು ಓಡಿಸುತ್ತಿದ್ದರು.

ಈ ಸಂಯಮಕ್ಕೆ ಚರಿತ್ರೆಯ ಒತ್ತಾಸೆಯೂ ಇದೆ. ಫ್ಯಾನಿ ಕೀಟ್ಸನಿಗೆ ಬರೆದ ಒಂದು ಪತ್ರವೂ ಉಳಿದಿಲ್ಲ. ಕಡೆಯಲ್ಲಿ ಬಂದವನ್ನು ಅವನು ಒಡೆದೇ ನೋಡಲಿಲ್ಲ, ಅವು 1821ರಲ್ಲಿ ರೋಮ್‌ನಲ್ಲಿ ಅವನೊಡನೆ ಮಣ್ಣಾದವು. ಅವನು ಅವಳಿಗೆ ಬರೆದವು ಮಾತ್ರ 1878ರಲ್ಲಿ ಅಚ್ಚಾಗಿ, ಮ್ಯಾಥ್ಯೂ ಆರ್ನಲ್ಡ್‌ನಂಥ ವಿಮರ್ಶಕ ಅವುಗಳಿಗೆ ಮೂಗು ಮುರಿದ. ಫ್ಯಾನಿಗೆ ಚೆಲ್ಲುಹುಡುಗಿಯೆಂಬ ಅಪವಾದ ಅಂಟಿತು. ಅದು ತೊಳೆದುಹೋಗಲು ಅವಳು ಕೀಟ್ಸನ ತಂಗಿಗೆ ಬರೆದ ಪತ್ರಗಳು 1930ರ ದಶಕದಲ್ಲಿ ಪ್ರಕಟವಾಗಬೇಕಾಯಿತು. ಅವಳ ಹೊಲಿಗೆಗೂ ಪುರಾವೆಯುಂಟು: ಇಟಲಿಗೆ ಹೊರಟವನ ಟೋಪಿಗೆ ಅವಳು ರೇಷ್ಮೆಯ ಒಳಪದರ ಹಾಕಿಕೊಟ್ಟಿದ್ದಳು; ಆ ರೇಷ್ಮೆ ತಲೆಯನ್ನು ಸುಡುತ್ತಿದೆಯೆಂದು ಅವನು ನೇಪಲ್ಸ್‌ನಿಂದ ಬ್ರೌನನಿಗೆ ಬರೆದ.

ಚಿತ್ರದಲ್ಲಿ ತಕರಾರಿಗೆ ಎಡೆಯಿರುವುದು ಈ ಬ್ರೌನನ ವಿಷಯದಲ್ಲೇ. ಪಾಲ್ ಷ್ನೈಡರ್ ಅವನಿಗೆ ದಪ್ಪನೆಯ ಸ್ಕಾಟಿಷ್ ಉಚ್ಚಾರಣೆ ಕೊಟ್ಟಿದ್ದಾರೆ, ಆದರೆ ಆಸಾಮಿ ಹುಟ್ಟಿದ್ದು ಲಂಡನ್ನಿನ ಲ್ಯಾಂಬೆತ್‌ನಲ್ಲಿ. ಪ್ರೇಮಿಗಳ ನಡುವೆ ಅಡ್ಡಗಾಲು ಹಾಕುವ ಒರಟನಾಗಿ ಅವನನ್ನು ಬೆಳೆಸಿದ್ದು ನಾಟಕಕ್ಕೆ ಒದಗಿತಾದರೂ, ಕೀಟ್ಸನಿಗೆ ಸೂರು ಕೊಟ್ಟು, ಸಾಲ ಕೊಟ್ಟು, ಆ ಕಾಗದದ ಚೂರುಗಳನ್ನು ಹೆಕ್ಕಿ ಜೋಡಿಸಿದೆನೆಂದು ಹೇಳಿಕೊಂಡವನಿಗೆ ಇನ್ನೆರಡು ಮೃದುವಾದ ದೃಶ್ಯಗಳು ಸಲ್ಲಬೇಕಿತ್ತು.