ಕುತ್ತಿಗೆಯ ಪ್ರಶ್ನೆ: ನಾಲಿಗೆಯ ಆರಂಭಿಕ ಕ್ಯಾನ್ಸರಿನ ಚಿಕಿತ್ಸಾಕ್ರಮಗಳು

ನಾಲಿಗೆಯ ಮೇಲಿನ ಗಡ್ಡೆ 4 ಸೆಂ.ಮೀ. ಮೀರದೆ, 10 ಮಿ.ಮೀ.ಗಿಂತ ಆಳಕ್ಕೆ ಇಳಿಯದೆ, ಕುತ್ತಿಗೆಯ ದುಗ್ಧರಸ ಗ್ರಂಥಿಗಳಲ್ಲಿ ಊತ ಕಾಣದಿದ್ದರೆ ಅದನ್ನು ಆರಂಭಿಕ ಹಂತವೆಂದು ಪರಿಗಣಿಸಲಾಗುತ್ತದೆ. ಈ ಹಂತದ ಚಿಕಿತ್ಸೆಗಳನ್ನು ಹೋಲಿಸುವವರು ನಾಲಿಗೆಯನ್ನೇ ಮುಖ್ಯವಾಗಿ ನೋಡುತ್ತಾರಾದರೂ, ರೋಗಿಯ ಅಳಿವು ಉಳಿವು ಬಹುಮಟ್ಟಿಗೆ ನಿಂತಿರುವುದು ಕೈಗೆ ಸಿಗದಷ್ಟು ಸಣ್ಣದಾಗಿ ಕುತ್ತಿಗೆಗೆ ಹರಡಿರಬಹುದಾದ ರೋಗದ ಮೇಲೆ.

ಗಡ್ಡೆಯೊಳಗೇ ವಿಕಿರಣ ಮೂಲವನ್ನಿಟ್ಟು ಸುಡುವ ಬ್ರ್ಯಾಕಿಥೆರಪಿ ನಾಲಿಗೆಯ ಆಕಾರವನ್ನು ಉಳಿಸುತ್ತದೆ. ಆದರೆ ಅದು ಕುತ್ತಿಗೆಯನ್ನು ಮುಟ್ಟುವುದಿಲ್ಲ, ದವಡೆಯ ಮೂಳೆ ಕೊಳೆಯುವ ಅಪಾಯವನ್ನೂ ತರುತ್ತದೆ. ತಂಬಾಕು ಜಗಿದ ಬಾಯಲ್ಲಿ ಮತ್ತೊಂದು ಕ್ಯಾನ್ಸರ್ ಹುಟ್ಟುವ ಸಂಭವವಿರುವುದರಿಂದಲೂ, ಅದೇ ಜಾಗಕ್ಕೆ ಮತ್ತೆ ಪೂರ್ಣ ಪ್ರಮಾಣದ ವಿಕಿರಣ ಕೊಡುವುದು ಕಷ್ಟವಾದ್ದರಿಂದಲೂ, ಗಡ್ಡೆಯನ್ನು ಸುತ್ತಲಿನ ಆರೋಗ್ಯವಂತ ಅಂಗಾಂಶದೊಂದಿಗೆ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯೇ ಮೊದಲ ಆಯ್ಕೆಯಾಗಿ ನೆಲೆನಿಂತಿದೆ.

ನಿಜವಾದ ವಿವಾದವಿದ್ದದ್ದು ನಾಲಿಗೆಯ ಶಸ್ತ್ರಚಿಕಿತ್ಸೆಯ ಹೊತ್ತಿಗೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯಬೇಕೇ, ಇಲ್ಲವೇ ಊತ ಕಾಣುವವರೆಗೆ ಕಾಯಬೇಕೇ ಎಂಬುದರಲ್ಲಿ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ, ಬಾಯಿಯ ಆರಂಭಿಕ ಕ್ಯಾನ್ಸರಿನ 500 ರೋಗಿಗಳ ವಿಶ್ಲೇಷಣೆ ಇದಕ್ಕೆ ಉತ್ತರ ಕೊಟ್ಟಿತು. ಅವರಲ್ಲಿ ಬಹುಪಾಲು ಜನರದು ನಾಲಿಗೆಯ ಕ್ಯಾನ್ಸರೇ ಆಗಿತ್ತು. ಗ್ರಂಥಿಗಳನ್ನು ಮೊದಲೇ ತೆಗೆಸಿಕೊಂಡವರಲ್ಲಿ ಶೇ. 80 ಮಂದಿ, ಕಾದವರಲ್ಲಿ ಶೇ. 67.5 ಮಂದಿ ಮೂರು ವರ್ಷ ಬದುಕಿದ್ದರು. ಅಂದರೆ ಸುಮಾರು ಎಂಟು ಜನರ ಕುತ್ತಿಗೆಗೆ ಶಸ್ತ್ರಚಿಕಿತ್ಸೆ ಮಾಡಿದರೆ ಒಂದು ಸಾವು ತಪ್ಪುತ್ತದೆ. ಕಾಯುವ ಗುಂಪಿನಲ್ಲಿ 146 ಜನರಿಗೆ ರೋಗ ಮರುಕಳಿಸಿತು, ಇನ್ನೊಂದರಲ್ಲಿ 81 ಜನರಿಗೆ.

ಈ ಅಂತರ ಬಂದದ್ದು ಪಳಗಿದ ಕೈಗಳು ಗೊತ್ತಾದ ಅವಧಿಗೊಮ್ಮೆ ಕುತ್ತಿಗೆ ಮುಟ್ಟಿ ನೋಡುತ್ತಿದ್ದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಎಂಬುದನ್ನು ಮರೆಯಬಾರದು; ಅಂಥ ನಿಗಾ ಸಿಗದ ಕಡೆ ಕಾಯುವುದು ಇನ್ನಷ್ಟು ಅಪಾಯಕರ. ತೆಲಂಗಾಣದಲ್ಲಿ ಬೀದರದ ಮಗ್ಗುಲಿನ ಜಹೀರಾಬಾದ್, ನಾರಾಯಣಖೇಡ ಹಾಗೂ ಕಲಬುರಗಿ ಸೀಮೆಗೆ ಹತ್ತಿರದ ತಾಂಡೂರಿನ ಕನ್ನಡ ಮನೆಗಳ ರೋಗಿಗೆ ಸರ್ಕಾರಿ ಕ್ಯಾನ್ಸರ್ ಚಿಕಿತ್ಸೆಯೆಂದರೆ ಮುಖ್ಯವಾಗಿ ಹೈದರಾಬಾದಿನ ಎಂಎನ್‌ಜೆ ಕ್ಯಾನ್ಸರ್ ಸಂಸ್ಥೆ, ಇಲ್ಲವೇ ಗಡಿಯಾಚೆ ಕಲಬುರಗಿಯಲ್ಲಿರುವ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಶಾಖೆ. ತಾಂಡೂರಿನ ಕಲ್ಲುಗಣಿಯ ಕೂಲಿಯಾಗಲಿ, ತೊಗರಿ ಹೊಲದ ಹೆಣ್ಣಾಳಾಗಲಿ, ನೋವಿಲ್ಲದ ದಿನಗಳಲ್ಲಿ ಒಂದು ದಿನದ ದುಡಿಮೆ ಬಿಟ್ಟು ತಪಾಸಣೆಗೆ ಮತ್ತೆ ಮತ್ತೆ ಬರುವರೆಂದು ನಂಬಿ ಕುತ್ತಿಗೆಯನ್ನು ಬಿಡುವುದು ಇಲ್ಲಿ ವೈದ್ಯಕೀಯವಾಗಿ ಒಪ್ಪತಕ್ಕ ಆಯ್ಕೆಯಲ್ಲ.

ಆದರೂ ಗ್ರಂಥಿ ತೆಗೆಸಿಕೊಂಡ ಹೆಚ್ಚಿನವರ ಗ್ರಂಥಿಗಳಲ್ಲಿ ರೋಗ ಇರುವುದಿಲ್ಲ, ಅವರು ಕುತ್ತಿಗೆಯ ಶಸ್ತ್ರಚಿಕಿತ್ಸೆಯಿಂದ ಬರಬಹುದಾದ ಭುಜದ ನೋವನ್ನು ಮಾತ್ರ ಹೊತ್ತು ಮನೆಗೆ ಹೋಗುತ್ತಾರೆ. ಭಾರ ಎತ್ತಿ ಬದುಕುವವರಿಗೆ ಅದು ಸಣ್ಣ ನಷ್ಟವಲ್ಲ. ಗಡ್ಡೆಯ ಸುತ್ತ ವಿಕಿರಣಶೀಲ ದ್ರಾವಣ ಚುಚ್ಚಿ, ಅದು ಮೊದಲು ತಲುಪುವ ಗ್ರಂಥಿಯನ್ನು ಮಾತ್ರ ತೆಗೆದು ಪರೀಕ್ಷಿಸುವ ಕಾವಲು ಗ್ರಂಥಿ ಪರೀಕ್ಷೆ ಈ ನಷ್ಟವನ್ನು ತಪ್ಪಿಸಬಲ್ಲದು, ಫ್ರಾನ್ಸ್ ಮತ್ತು ಜಪಾನಿನ ಅಧ್ಯಯನಗಳಲ್ಲಿ ಅದರ ಫಲಿತಾಂಶ ಪೂರ್ಣ ಶಸ್ತ್ರಚಿಕಿತ್ಸೆಗೆ ಕಡಿಮೆಯಾಗಿಲ್ಲ; ಆದರೆ ಅದಕ್ಕೆ ಬೇಕಾದ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಮತ್ತು ಗ್ರಂಥಿಯನ್ನು ಪದರ ಪದರವಾಗಿ ಸೀಳಿ ನೋಡುವ ಪ್ರಯೋಗಾಲಯ ದೊಡ್ಡ ಕೇಂದ್ರಗಳ ಸೊತ್ತು. ಮುಂಬಯಿ ಅಧ್ಯಯನದಲ್ಲೇ 3 ಮಿ.ಮೀ.ಗಿಂತ ಕಡಿಮೆ ಆಳದ ಗಡ್ಡೆಗಳಲ್ಲಿ ಕುತ್ತಿಗೆ ಶಸ್ತ್ರಚಿಕಿತ್ಸೆಯ ಲಾಭ ಸ್ಪಷ್ಟವಾಗಲಿಲ್ಲ. ಆದ್ದರಿಂದ ಗಡ್ಡೆಯನ್ನು ಅಷ್ಟು ತೆಳುವಿರುವಾಗಲೇ ಹಿಡಿದು ಈ ಸೀಮೆಯ ರೋಗಿಯ ಭುಜವನ್ನು ಉಳಿಸುವ ಕೆಲಸ ಶಸ್ತ್ರಚಿಕಿತ್ಸಕನಿಗಿಂತ ಮುಂಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣಿಗೆ ಮುಲಾಮು ಬರೆಯದೆ ಅದರ ತುಣುಕನ್ನು ಪರೀಕ್ಷೆಗೆ ಕಳಿಸಬೇಕಾದ ಊರಿನ ದಂತವೈದ್ಯನ ಕೈಯಲ್ಲಿದೆ.