ಆಲೂಗಡ್ಡೆಯೊಳಗಿನ ಗ್ಲಾಡೋಸ್

2007ರ ‘ಪೋರ್ಟಲ್’ ಆಟವನ್ನು ನಾನು ಒಂದೇ ರಾತ್ರಿಯಲ್ಲಿ ಮುಗಿಸಿದ್ದೆ. ನಂಬರು ಹಾಕಿದ ಬಿಳಿ ಕೋಣೆಗಳು, ಗೋಡೆಯಿಂದ ಗೋಡೆಗೆ ದಾರಿ ತೆರೆಯುವ ಗನ್ನು, ಕಿವಿಯಲ್ಲಿ ಹೆಚ್ಚೂಕಮ್ಮಿ ಒಂದೇ ದನಿ. ಅದು ಗ್ಲಾಡೋಸ್ ಎಂಬ ಯಂತ್ರದ್ದು. ಪರೀಕ್ಷೆ ಮುಗಿಸಿದ್ರೆ ಕೇಕ್ ಕೊಡ್ತೀನಿ ಅಂತಾಳೆ, ಕೊನೆಗೆ ಬೆಂಕಿಗೆ ತಳ್ಳೋಕೆ ನೋಡ್ತಾಳೆ. ಮಧ್ಯದಲ್ಲಿ ಹೃದಯದ ಚಿತ್ರವಿರೋ ಒಂದು ಡಬ್ಬ ಕೊಟ್ಟು, ಜೋಪಾನ ಅಂತ ಹೇಳಿ, ಆಮೇಲೆ ಅದನ್ನ ನಮ್ಮ ಕೈಯಲ್ಲೇ ಸುಡಿಸ್ತಾಳೆ. ನಗು ಬಂತು, ನಿಜ. ಆದ್ರೂ ಡಬ್ಬ ಎತ್ತಿ ಹಾಕೋವಾಗ ಒಂದು ನಿಮಿಷ ಸುಮ್ಮನೆ ನಿಂತಿದ್ದೆ.

2011ರ ‘ಪೋರ್ಟಲ್ 2’ ಎಲ್ಲದರಲ್ಲೂ ದೊಡ್ಡದು. ಸ್ಟೀಫನ್ ಮರ್ಚೆಂಟ್ ದನಿ ಕೊಟ್ಟ ವೀಟ್ಲಿ ಬಾಯಿ ಮುಚ್ಚೋದೇ ಇಲ್ಲ. ಕಂಪನಿಯ ಯಜಮಾನ ಕೇವ್ ಜಾನ್ಸನ್ ನಿಂಬೆಹಣ್ಣಿನ ಮೇಲೆ ರೇಗಾಡೋದನ್ನ ಕೇಳೋಕೆ ನಾನು ಆಟವನ್ನೇ ನಿಲ್ಲಿಸಿ ಕೂತಿದ್ದೆ. ಬರೀ ನಗು ಎಣಿಸಿದ್ರೆ ಎರಡನೆಯದೇ ಗೆಲ್ಲುತ್ತೆ. ಆದರೆ ಇಲ್ಲಿ ಜೋಕು ಬರುತ್ತಿದೆ ಅಂತ ಮೊದಲೇ ಗೊತ್ತಾಗುತ್ತೆ. ಮೊದಲನೆಯದರಲ್ಲಿ ಅದು ಜೋಕೋ ಬೆದರಿಕೆಯೋ ತಿಳಿಯುತ್ತಿರಲಿಲ್ಲ. ಆ ಭಯ ನನಗೆ ಬೇಕಿತ್ತು.

ಅದಕ್ಕೇ ಎರಡನೆಯದನ್ನ ಬಹಳ ದಿನ ಬೈದುಕೊಂಡು ತಿರುಗಿದೆ. ಮೊನ್ನೆ ಮತ್ತೆ ಆಡಿದಾಗ ಒಂದು ದೃಶ್ಯದಲ್ಲಿ ಸಿಕ್ಕಿಬಿದ್ದೆ. ಆಲೂಗಡ್ಡೆಗೆ ಇಳಿದ ಗ್ಲಾಡೋಸ್, ಹಳೇ ಯಜಮಾನನ ದನಿ ಕೇಳಿದ ಕೂಡಲೇ ತನಗೇ ಅರಿವಿಲ್ಲದೆ ‘ಹೂಂ ಸಾರ್’ ಅನ್ನೋ ಧಾಟಿಯಲ್ಲಿ ಉತ್ತರ ಕೊಡ್ತಾಳೆ. (ಆಫೀಸಿನಲ್ಲಿ ನಾವೂ ಅಷ್ಟೇ ತಾನೇ!) ಇಂಥದ್ದು ಮೊದಲ ಆಟದಲ್ಲಿ ಇಲ್ಲ.

ಕೊನೆಯಲ್ಲಿ ಅವಳು ನಮ್ಮನ್ನ ಬಿಟ್ಟು ಕಳಿಸ್ತಾಳೆ. ಹೊರಗೆ ಗೋಧಿ ಹೊಲ. ಬಾಗಿಲು ಮತ್ತೆ ತೆರೆದು ಒಂದು ಡಬ್ಬ ಬಂದು ಬೀಳುತ್ತೆ, ಮೈಯೆಲ್ಲ ಮಸಿ. ನಾನು ಸುಟ್ಟಿದ್ದೇ.