ಒಂದು ಲ್ಯಾಪ್ ಯಾರ ವೇಗವನ್ನು ಅಳೆಯುತ್ತದೆ?

2009ರ ಆಗಸ್ಟ್ 29ರಂದು ಬೆಲ್ಜಿಯಂನ ಸ್ಪಾ-ಫ್ರಾಂಕೋರ್‌ಶಾಂಪ್ ಟ್ರ್ಯಾಕ್‌ನಲ್ಲಿ ಜಾನ್‌ಕಾರ್ಲೊ ಫಿಸಿಕೆಲ್ಲಾ ಫಾರ್ಮುಲಾ ಒನ್‌ನ ಫೋರ್ಸ್ ಇಂಡಿಯಾ ತಂಡಕ್ಕೆ ಪೋಲ್ ಪೊಸಿಷನ್, ಅಂದರೆ ರೇಸ್ ಆರಂಭದ ಮೊದಲ ಸ್ಥಾನ, ತಂದುಕೊಟ್ಟರು. ಆ ಹೊತ್ತಿಗೆ ತಂಡದ ಖಾತೆಯಲ್ಲಿ ಒಂದೇ ಒಂದು ಅಂಕವೂ ಇರಲಿಲ್ಲ. ಬೆಂಗಳೂರಿನ ಯುಬಿ ಸಮೂಹದ ವಿಜಯ್ ಮಲ್ಯ ಕಟ್ಟಿದ ತಂಡವಾದ್ದರಿಂದ ಕರ್ನಾಟಕದ ರೇಸ್ ಪ್ರಿಯರಿಗೂ ಅದು ಹತ್ತಿರದ ಸಂಗತಿಯಾಗಿತ್ತು. ಆದರೆ ಆ ದಿನದ ಅಂಕಿಗಳಲ್ಲಿ ಒಂದು ವಿಚಿತ್ರವಿತ್ತು. ಮೂರು ಹಂತಗಳ ಅರ್ಹತಾ ಸುತ್ತಿನ ಎರಡನೇ ಹಂತದಲ್ಲಿ ಮುಂಚೂಣಿಯ ಚಾಲಕರು ಒಂದು ನಿಮಿಷ 44 ಸೆಕೆಂಡಿನ ಆಸುಪಾಸಿನಲ್ಲಿ ಲ್ಯಾಪ್ ಮುಗಿಸಿದ್ದರು. ಎಲ್ಲಕ್ಕಿಂತ ನಿರ್ಣಾಯಕವಾದ ಕೊನೆಯ ಹಂತದಲ್ಲಿ ಪೋಲ್ ಗಳಿಸಿಕೊಟ್ಟ ಸಮಯ ಒಂದು ನಿಮಿಷ 46.308 ಸೆಕೆಂಡು. ಅದೇ ಟ್ರ್ಯಾಕ್, ಅದೇ ಮಧ್ಯಾಹ್ನ, ಅದೇ ಚಾಲಕರು. ಅತ್ಯಂತ ವೇಗವಾಗಿ ಓಡಬೇಕಾದ ಹೊತ್ತಿನಲ್ಲಿ ಎಲ್ಲರೂ ಒಂದೂವರೆ ಸೆಕೆಂಡಿಗೂ ಹೆಚ್ಚು ನಿಧಾನ. ಕಾರಣ ಟ್ಯಾಂಕಿನಲ್ಲಿತ್ತು. ಆಗಿನ ನಿಯಮದಂತೆ ಕೊನೆಯ ಹಂತದ ಹತ್ತು ಕಾರುಗಳು ಮರುದಿನದ ರೇಸ್ ಆರಂಭಕ್ಕೆ ಬೇಕಾದ ಇಂಧನವನ್ನು ಹೊತ್ತುಕೊಂಡೇ ಓಡಬೇಕಿತ್ತು.

ಅರ್ಹತಾ ಸುತ್ತು ಎಂಬುದು ಫಾರ್ಮುಲಾ ಒನ್‌ನ ಅತ್ಯಂತ ಶುದ್ಧ ಪರೀಕ್ಷೆ ಎಂದು ನಂಬಿದವರಲ್ಲಿ ನಾನೂ ಒಬ್ಬ. ರೇಸ್‌ನಲ್ಲಿ ಅದೃಷ್ಟ, ಅಪಘಾತ, ಸೇಫ್ಟಿ ಕಾರ್, ತಂಡದ ಲೆಕ್ಕಾಚಾರ ಎಲ್ಲವೂ ಕೈಯಾಡಿಸುತ್ತವೆ. ಇಲ್ಲಿ ಮಾತ್ರ ಒಬ್ಬ ಚಾಲಕ, ಒಂದು ಕಾರು, ಒಂದು ಲ್ಯಾಪ್. ಆ ಲ್ಯಾಪಿನ ಸಮಯವನ್ನು ಕೊನೆಗೆ ನಿರ್ಧರಿಸುವುದು ಚಾಲಕನ ಧೈರ್ಯ, ಕೌಶಲಗಳ ಜೊತೆಗೆ ಇನ್ನೆರಡು ಸಂಗತಿ: ಕಾರಿನಲ್ಲಿ ಎಷ್ಟು ಇಂಧನವಿದೆ, ಚಕ್ರಕ್ಕೆ ಯಾವ ಟೈರ್ ಹಾಕಿದೆ. ಈ ಎರಡನ್ನೂ ನಿಯಮಗಳು ಹೇಗೆ ನಡೆಸಿಕೊಂಡಿವೆ ಎಂಬುದರ ಮೇಲೆ ಈ ಪರೀಕ್ಷೆ ಎಷ್ಟು ಪ್ರಾಮಾಣಿಕ ಎಂಬುದು ನಿಂತಿದೆ. ಆ ದೃಷ್ಟಿಯಿಂದ ನೋಡಿದರೆ 2003ರಿಂದ 2021ರವರೆಗಿನ ಹತ್ತೊಂಬತ್ತು ಋತುಗಳ ನಿಯಮಗಳು ಬೇರೆ ಬೇರೆ ಹೆಸರಿನಲ್ಲಿ ಒಂದೇ ತಪ್ಪನ್ನು ಮಾಡಿದವು ಎಂಬುದು ನನ್ನ ವಾದ.

ಮೊದಲು ಇಂಧನದ ಮಾತು. ಸಾಧಾರಣ ಉದ್ದದ ಟ್ರ್ಯಾಕ್‌ನಲ್ಲಿ 10 ಕೆ.ಜಿ. ಇಂಧನ ಹೆಚ್ಚಾದರೆ ಲ್ಯಾಪಿಗೆ ಸುಮಾರು 0.3 ಸೆಕೆಂಡು ನಷ್ಟ ಎಂಬುದು ಪಿಟ್ ಗೋಡೆಯ ಬಳಿ ಎಲ್ಲರಿಗೂ ಗೊತ್ತಿರುವ ಲೆಕ್ಕ. ಸ್ಪಾದಂತೆ 7 ಕಿ.ಮೀ. ಉದ್ದದ ಟ್ರ್ಯಾಕ್‌ನಲ್ಲಿ ನಷ್ಟ ಇನ್ನೂ ತುಸು ಹೆಚ್ಚು. ಭಾರವಾದ ಕಾರು ವೇಗ ಪಡೆಯಲು, ಬ್ರೇಕ್ ಹಾಕಿ ನಿಲ್ಲಲು ಹೆಚ್ಚು ಹೊತ್ತು ಬೇಕೆಂಬುದು ಯಾರಿಗೂ ಹೊಳೆಯುವ ಮಾತು. ತಿರುವಿನಲ್ಲಿ ಆಗುವ ನಷ್ಟ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ರೆಕ್ಕೆಗಳು ಮತ್ತು ಕಾರಿನ ತಳಭಾಗ ಕೊಡುವ ಒತ್ತಡ ವೇಗವನ್ನು ಅವಲಂಬಿಸಿದೆಯೇ ಹೊರತು ತೂಕವನ್ನಲ್ಲ. ತೂಕ ಏರಿದರೂ ಆ ಒತ್ತಡ ಏರುವುದಿಲ್ಲ. ಟೈರಿನ ಹಿಡಿತವೂ ಹೊರೆ ಏರಿದಷ್ಟೇ ಪ್ರಮಾಣದಲ್ಲಿ ಏರದೆ ಹಿಂದೆ ಬೀಳುತ್ತದೆ. ಹಾಗಾಗಿ ಪ್ರತಿ ತಿರುವಿನಲ್ಲೂ ಭಾರದ ಕಾರು ಸ್ವಲ್ಪ ಸ್ವಲ್ಪವೇ ಸೋಲುತ್ತದೆ.

ಈ ಲೆಕ್ಕವನ್ನು ಸ್ಪಾ ಫಲಿತಾಂಶಕ್ಕೆ ಹಚ್ಚಿ ನೋಡೋಣ. ಆ ವರ್ಷ ಅರ್ಹತಾ ಸುತ್ತು ಮುಗಿದ ಮೇಲೆ ಕಾರುಗಳ ತೂಕವನ್ನು ಬಹಿರಂಗಪಡಿಸುವ ಪದ್ಧತಿ ಬಂದಿತ್ತು. ಫಿಸಿಕೆಲ್ಲಾ ಕಾರು 648 ಕೆ.ಜಿ., ಎರಡನೇ ಸ್ಥಾನ ಪಡೆದ ಟೊಯೋಟಾದ ಯಾರ್ನೊ ಟ್ರುಲ್ಲಿ ಅವರ ಕಾರು 656.5 ಕೆ.ಜಿ. ಇಬ್ಬರ ನಡುವಿನ ಅಂತರ ಒಂದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಎಂಟೂವರೆ ಕೆ.ಜಿ. ವ್ಯತ್ಯಾಸಕ್ಕೆ ಸುಮಾರು 0.3 ಸೆಕೆಂಡು ಹಿಡಿದರೆ, ಇಂಧನ ಸಮನಾಗಿದ್ದಲ್ಲಿ ಪೋಲ್ ಟ್ರುಲ್ಲಿ ಪಾಲಾಗುತ್ತಿತ್ತು. ಎರಡನೇ ಹಂತದಲ್ಲಿ ಎಲ್ಲರೂ ಹಗುರ ಕಾರಿನಲ್ಲಿ ಓಡಿದಾಗ ಮೊದಲಿಗರಾಗಿದ್ದವರೂ ಅವರೇ. ಇದರಿಂದ ಫೋರ್ಸ್ ಇಂಡಿಯಾದ ವೇಗ ಸುಳ್ಳಾಗುವುದಿಲ್ಲ. ಮರುದಿನ ಫಿಸಿಕೆಲ್ಲಾ ರೇಸ್ ಗೆದ್ದ ಕಿಮಿ ರೈಕೋನನ್ ಅವರ ಬೆನ್ನಿಗೇ ಅಂಟಿಕೊಂಡು ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು. ಟ್ರುಲ್ಲಿ ಒಂದು ಅಂಕವನ್ನೂ ಗಳಿಸಲಿಲ್ಲ. ಫಿಸಿಕೆಲ್ಲಾ ಅವರದು ನಿಜವಾದ ಸಾಧನೆ. ಆದರೆ ಆ ಸಾಧನೆಯ ಅಳತೆಯನ್ನು ನಿಯಮವೇ ಮಸುಕು ಮಾಡಿತ್ತು. ತೂಕದ ಪಟ್ಟಿ ಕೈಗೆ ಬರುವವರೆಗೆ ಪೋಲ್ ಎಂಬುದು ವೇಗದ ಫಲವೋ ಹಗುರ ಟ್ಯಾಂಕಿನ ಫಲವೋ ಎಂದು ಹೇಳುವವರಿರಲಿಲ್ಲ.

ರೇಸ್‌ನ ಇಂಧನ ಹೊತ್ತೇ ಅರ್ಹತಾ ಸುತ್ತು ಓಡುವ ಈ ಪದ್ಧತಿ 2003ರಲ್ಲಿ ಆರಂಭವಾಯಿತು. ಅರ್ಹತಾ ಸುತ್ತು ಮತ್ತು ರೇಸ್ ನಡುವೆ ಇಂಧನ ತುಂಬುವಂತಿಲ್ಲ ಎಂದ ಮೇಲೆ ತಂಡಗಳ ಮುಂದೆ ಎರಡು ದಾರಿ ಉಳಿದವು: ಹಗುರವಾಗಿ ಓಡಿ ಮುಂದಿನ ಸಾಲು ಹಿಡಿದು ರೇಸ್‌ನಲ್ಲಿ ಬೇಗ ಪಿಟ್‌ಗೆ ಬರುವುದು, ಇಲ್ಲವೇ ಭಾರ ಹೊತ್ತು ಹಿಂದಿನಿಂದ ಹೊರಟು ತಡವಾಗಿ ಪಿಟ್‌ಗೆ ಬರುವುದು. ಇದರ ಪರ ಹೇಳಬಹುದಾದ ಮಾತು ಇಲ್ಲದಿಲ್ಲ. ಗ್ರಿಡ್, ಅಂದರೆ ಕಾರುಗಳು ಹೊರಡುವ ಕ್ರಮ, ಕಲಸುಮೇಲೋಗರವಾಗುತ್ತಿತ್ತು, ಸಣ್ಣ ತಂಡಗಳಿಗೆ ಒಂದು ದಿನದ ಬೆಳಕು ಸಿಗುತ್ತಿತ್ತು, ಭಾನುವಾರದ ರೇಸ್‌ಗೆ ಕುತೂಹಲ ಬೆಳೆಯುತ್ತಿತ್ತು. ಆದರೆ ಆ ಕುತೂಹಲ ಹುಟ್ಟುತ್ತಿದ್ದುದು ನೋಡುಗರಿಂದ ಒಂದು ಮುಖ್ಯ ಸಂಗತಿಯನ್ನು ಬಚ್ಚಿಡುವುದರಿಂದ. ಸ್ಪರ್ಧೆಯಿಂದ ಹುಟ್ಟಿದ ಕುತೂಹಲಕ್ಕೂ ಮುಚ್ಚಿಟ್ಟಿದ್ದರಿಂದ ಹುಟ್ಟಿದ ಕುತೂಹಲಕ್ಕೂ ಬೆಲೆ ಒಂದೇ ಅಲ್ಲ.

2006ರಲ್ಲಿ ಮೂರು ಹಂತಗಳ ಪದ್ಧತಿ ಬಂದಾಗ ಈ ದೋಷ ಇನ್ನೊಂದು ರೂಪ ತಾಳಿತು. ಕೊನೆಯ ಹಂತದಲ್ಲಿ ಓಡಿದ ಪ್ರತಿ ಲ್ಯಾಪಿಗೆ ಖರ್ಚಾದ ಇಂಧನವನ್ನು ರೇಸ್‌ಗೆ ಮುನ್ನ ಮರಳಿ ತುಂಬಿಸಿಕೊಳ್ಳಬಹುದಿತ್ತು. ಹೀಗಾಗಿ ಕಾರುಗಳು ಮೊದಲು ಸುಮ್ಮನೆ ಸುತ್ತುತ್ತಾ ಇಂಧನ ಸುಟ್ಟು ಹಗುರವಾಗಿ, ಆಮೇಲೆ ನಿಜವಾದ ಲ್ಯಾಪಿಗೆ ಇಳಿಯುತ್ತಿದ್ದವು. 2007ರ ಹಂಗೆರಿಯಲ್ಲಿ ಮೆಕ್‌ಲಾರೆನ್ ತಂಡ ಒಡೆದದ್ದೂ ಇದೇ ಇಂಧನ ಸುಡುವ ಲ್ಯಾಪಿಗಾಗಿ. ಒಂದು ಹೆಚ್ಚುವರಿ ಲ್ಯಾಪ್ ಫರ್ನಾಂಡೊ ಅಲೊನ್ಸೊ ಅವರಿಗೆ ಸಿಗಲೆಂದು ತಂಡ ಲೂಯಿಸ್ ಹ್ಯಾಮಿಲ್ಟನ್ ಅವರಿಗೆ ದಾರಿ ಬಿಡಲು ಹೇಳಿತು, ಅವರು ಬಿಡಲಿಲ್ಲ. ಕೊನೆಯ ನಿಮಿಷಗಳಲ್ಲಿ ಅಲೊನ್ಸೊ ಪಿಟ್‌ನಲ್ಲೇ ಕಾರು ನಿಲ್ಲಿಸಿಕೊಂಡು ಹಿಂದೆ ಕಾಯುತ್ತಿದ್ದ ಹ್ಯಾಮಿಲ್ಟನ್ ಅವರ ಅಂತಿಮ ಯತ್ನವನ್ನೇ ತಪ್ಪಿಸಿದರು. ಅಲೊನ್ಸೊ ಅವರಿಗೆ ಗ್ರಿಡ್‌ನಲ್ಲಿ ಐದು ಸ್ಥಾನ ಹಿಂದೆ ಸರಿಯುವ ಶಿಕ್ಷೆ, ತಂಡಕ್ಕೆ ಆ ರೇಸ್‌ನ ಅಂಕಗಳಿಲ್ಲ. ವ್ಯಕ್ತಿಗಳ ಜಗಳ ಎಂದೇ ಈ ಘಟನೆ ನೆನಪಿನಲ್ಲಿ ಉಳಿದಿದೆ. ನನ್ನ ಕಣ್ಣಿಗೆ ಅದು ಕೆಟ್ಟ ನಿಯಮವೊಂದು ಇಬ್ಬರು ಒಳ್ಳೆಯ ಚಾಲಕರ ನಡುವೆ ಹಚ್ಚಿದ ಬೆಂಕಿ.

ಟೈರಿನ ಕತೆ ಇದಕ್ಕಿಂತ ಹಳೆಯದು. ಮೆದು ರಬ್ಬರ್ ರಸ್ತೆಯ ಒರಟಿಗೆ ಬೇಗ ಹೊಂದಿಕೊಂಡು ಹೆಚ್ಚು ಹಿಡಿತ ಕೊಡುತ್ತದೆ, ಅಷ್ಟೇ ಬೇಗ ಸವೆಯುತ್ತದೆ. ಅದಕ್ಕೊಂದು ಹದವಾದ ತಾಪವೂ ಬೇಕು. ತಣ್ಣಗಿದ್ದರೆ ಜಾರುತ್ತದೆ, ಅತಿಯಾಗಿ ಕಾದರೆ ಮೇಲ್ಮೈ ಹಿಡಿತ ಬಿಡುತ್ತದೆ. ಮೊದಲ ತಿರುವಿಗೆ ಬರುವಾಗ ಟೈರ್ ಸಿದ್ಧವಾಗಿರಬೇಕು, ಕೊನೆಯ ತಿರುವಿನವರೆಗೆ ಸುಸ್ತಾಗಬಾರದು. ಇಂಧನಕ್ಕೂ ಟೈರಿಗೂ ನಂಟು ಇರುವುದು ಇಲ್ಲಿಯೇ: ಕಾರು ಹಗುರವಾದಷ್ಟೂ ಟೈರಿಗೆ ಬೀಳುವ ಶ್ರಮ ಕಡಿಮೆ, ಹಾಗಾಗಿ ಅದು ಕಾಯುವುದೂ ನಿಧಾನ. ಟ್ಯಾಂಕ್ ಬರಿದು ಮಾಡಿದ ಮಾತ್ರಕ್ಕೆ ವೇಗ ತಾನಾಗಿ ಬರುವುದಿಲ್ಲ. ಆ ಹಗುರ ಕಾರಿನಲ್ಲಿ ನಾಲ್ಕೂ ಟೈರುಗಳನ್ನು ಒಂದೇ ಹೊತ್ತಿಗೆ ಹದಕ್ಕೆ ತರುವ ಕಲೆ ಬೇಕು. ಒಳ್ಳೆಯ ಅರ್ಹತಾ ಚಾಲಕನ ಅರ್ಧ ಪ್ರತಿಭೆ ಗಡಿಯಾರ ಚಾಲೂ ಆಗುವ ಮೊದಲಿನ ಆ ತಯಾರಿ ಲ್ಯಾಪಿನಲ್ಲೇ ಇದೆ.

1980ರ ದಶಕದಲ್ಲಿ ಅರ್ಹತಾ ಸುತ್ತಿಗೆಂದೇ ವಿಶೇಷ ಟೈರುಗಳಿದ್ದವು. ಒಂದೆರಡು ಲ್ಯಾಪಿಗೆ ಅವುಗಳ ಆಯುಷ್ಯ ಮುಗಿಯುತ್ತಿತ್ತು. ಟರ್ಬೊ ಎಂಜಿನ್‌ನ ಒತ್ತಡವನ್ನೂ ಆ ಒಂದು ಲ್ಯಾಪಿಗಾಗಿ ಏರಿಸುತ್ತಿದ್ದರು. 1985ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಕೆಕೆ ರೋಸ್‌ಬರ್ಗ್ ಗಂಟೆಗೆ ಸರಾಸರಿ 259 ಕಿ.ಮೀ. ಸಮೀಪದ ವೇಗದಲ್ಲಿ ಲ್ಯಾಪ್ ಮುಗಿಸಿದ್ದು ಆ ಯುಗದ ಶಿಖರ. 2002ರವರೆಗೆ ಅದನ್ನು ಯಾರೂ ಮೀರಲಿಲ್ಲ. ಬರೀ ವೇಗದ ಅಳತೆಯಲ್ಲಿ ಇದಕ್ಕಿಂತ ಶುದ್ಧ ಪದ್ಧತಿ ಇಲ್ಲ ಎನ್ನಬಹುದು. ಆದರೆ ಅದರ ಬೆಲೆ ಭಯಾನಕವಾಗಿತ್ತು. ಸಿಗುವುದು ಎರಡೇ ಸೆಟ್, ಒಂದೊಂದರಲ್ಲೂ ಒಂದೇ ಒಳ್ಳೆಯ ಲ್ಯಾಪ್. ಎದುರಿಗೆ ನಿಧಾನದ ಕಾರು ಸಿಕ್ಕರೂ ವೇಗ ಇಳಿಸಲು ಚಾಲಕನ ಮನಸ್ಸು ಒಪ್ಪುತ್ತಿರಲಿಲ್ಲ. 1982ರ ಮೇ 8ರಂದು ಬೆಲ್ಜಿಯಂನ ಜೋಲ್ಡರ್‌ನಲ್ಲಿ ಫೆರಾರಿಯ ಜಿಲ್ ವಿಲ್ನೆವ್ ಅರ್ಹತಾ ಸುತ್ತಿನ ಕೊನೆಯ ಹೊತ್ತಿನಲ್ಲಿ ನಿಧಾನವಾಗಿ ಸಾಗುತ್ತಿದ್ದ ಯೋಕೆನ್ ಮಾಸ್ ಅವರ ಕಾರಿಗೆ ಡಿಕ್ಕಿ ಹೊಡೆದು ಪ್ರಾಣ ಕಳೆದುಕೊಂಡರು. ಒಂದೇ ಲ್ಯಾಪಿಗೆ ಎಲ್ಲವನ್ನೂ ಕಟ್ಟಿಹಾಕುವ ಟೈರುಗಳ ಅಪಾಯದ ಬಗ್ಗೆ ಆ ಸಾವಿನ ನಂತರ ಎದ್ದ ಪ್ರಶ್ನೆ ನ್ಯಾಯವಾದದ್ದು. 1992ರ ಹೊತ್ತಿಗೆ ಆ ಟೈರುಗಳು ಇಲ್ಲವಾದವು. ಶುದ್ಧ ಅಳತೆ ಬೇಕೆನ್ನುವಾಗ ನಾನು ಆ ಕಾಲವನ್ನು ಮರಳಿ ಬಯಸುತ್ತಿಲ್ಲ. ರೇಸ್‌ನಲ್ಲೂ ಬಳಸುವ ಟೈರಿನಲ್ಲೇ, ಇನ್ನೊಂದು ಯತ್ನಕ್ಕೆ ಅವಕಾಶವಿಟ್ಟುಕೊಂಡೇ ವೇಗವನ್ನು ಅಳೆಯಬೇಕು.

2010ರಲ್ಲಿ ರೇಸ್ ನಡುವೆ ಇಂಧನ ತುಂಬುವುದು ನಿಷೇಧವಾಯಿತು. ಅರ್ಹತಾ ಸುತ್ತಿನ ಎಲ್ಲ ಹಂತಗಳಲ್ಲೂ ಹಗುರ ಟ್ಯಾಂಕಿನಲ್ಲಿ ಓಡುವ ಸ್ವಾತಂತ್ರ್ಯ ಮರಳಿತು. ಇಂಧನದ ಮರೆ ಸರಿಯಿತು. ಆದರೆ ಅದೇ ವರ್ಷ ಟೈರಿನ ಮರೆ ಬಂತು: ಮೊದಲ ಹತ್ತು ಚಾಲಕರು ಕೊನೆಯ ಹಂತದಲ್ಲಿ ತಮ್ಮ ಉತ್ತಮ ಸಮಯ ಗಳಿಸಿದ ಟೈರಿನಲ್ಲೇ ರೇಸ್ ಆರಂಭಿಸಬೇಕು. ಮತ್ತೆ ಶನಿವಾರದ ಪರೀಕ್ಷೆಗೆ ಭಾನುವಾರದ ಹೊರೆ. ಕೆಲವರು ಟೈರ್ ಉಳಿಸಲೆಂದು ಕೊನೆಯ ಹಂತದಲ್ಲಿ ಟ್ರ್ಯಾಕ್‌ಗೇ ಇಳಿಯುತ್ತಿರಲಿಲ್ಲ. ಹಣ ಕೊಟ್ಟು ಬಂದ ನೋಡುಗರ ಎದುರು, ಅತ್ಯುತ್ತಮರೆಂದು ಆಯ್ಕೆಯಾದ ಹತ್ತು ಮಂದಿಯಲ್ಲಿ ಕೆಲವರು ಓಡದೆ ಕುಳಿತುಕೊಳ್ಳುವ ಸ್ಪರ್ಧೆ ಸ್ಪರ್ಧೆಯೇ ಅಲ್ಲ.

ಇದರ ಸ್ಪಷ್ಟ ಉದಾಹರಣೆ ನಮ್ಮ ನೆಲದಲ್ಲೇ ಇದೆ. 2013ರ ಅಕ್ಟೋಬರ್‌ನಲ್ಲಿ ಗ್ರೇಟರ್ ನೊಯಿಡಾದ ಬುದ್ಧ ಟ್ರ್ಯಾಕ್‌ನಲ್ಲಿ ಸೆಬಾಸ್ಟಿಯನ್ ವೆಟ್ಟೆಲ್ ಮೆದು ಟೈರಿನಲ್ಲಿ ಮುಕ್ಕಾಲು ಸೆಕೆಂಡಿನ ಅಂತರದಿಂದ ಪೋಲ್ ಪಡೆದರು. ಅವರದೇ ರೆಡ್ ಬುಲ್ ತಂಡದ ಮಾರ್ಕ್ ವೆಬರ್ ಬೇಕೆಂದೇ ಮಧ್ಯಮ ಟೈರಿನಲ್ಲಿ ಓಡಿ ನಾಲ್ಕನೆಯವರಾದರು. ಮೆದು ಟೈರ್ ಅಲ್ಲಿ ಬೇಗ ಸವೆಯುತ್ತದೆಂದು ಎಲ್ಲರಿಗೂ ತಿಳಿದಿತ್ತು. ರೇಸ್‌ನಲ್ಲಿ ವೆಟ್ಟೆಲ್ ಎರಡನೇ ಲ್ಯಾಪಿನ ಕೊನೆಗೇ ಪಿಟ್‌ಗೆ ಬಂದು ಹಿಂದಿನ ಸಾಲಿಗೆ ಬಿದ್ದು, ಒಬ್ಬೊಬ್ಬರನ್ನೇ ದಾಟಿ ಗೆದ್ದು ನಾಲ್ಕನೇ ವಿಶ್ವಪಟ್ಟ ಮುಡಿಗೇರಿಸಿಕೊಂಡರು. ತಂತ್ರದ ದೃಷ್ಟಿಯಿಂದ ಸೊಗಸಾದ ರೇಸ್. ಆದರೆ ಶನಿವಾರದ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಒಂದೇ ತಂಡದ ಇಬ್ಬರು ಚಾಲಕರು ಬೇರೆ ಬೇರೆ ರಬ್ಬರಿನಲ್ಲಿ ಗಳಿಸಿದ ಸಮಯಗಳನ್ನು ಅಕ್ಕಪಕ್ಕ ಇಟ್ಟು ಯಾರು ಎಷ್ಟು ವೇಗ ಎಂದು ಹೇಗೆ ಹೇಳುವುದು?

2014ರಲ್ಲಿ ಈ ನಿಯಮವನ್ನು ಎರಡನೇ ಹಂತದ ಟೈರಿಗೆ ವರ್ಗಾಯಿಸಿದರು. ಕೊನೆಯ ಹಂತ ಬಿಡುಗಡೆಯಾಯಿತು, ಅದು ಸುಧಾರಣೆಯೇ. ಆದರೆ ಅನ್ಯಾಯ ಬೇರೆ ಕಡೆ ಸರಿಯಿತು. ಬಲಾಢ್ಯ ತಂಡಗಳು ಎರಡನೇ ಹಂತವನ್ನು ಮಧ್ಯಮ ಟೈರಿನಲ್ಲೇ ದಾಟಿ ರೇಸ್‌ಗೆ ಅನುಕೂಲ ಮಾಡಿಕೊಳ್ಳುತ್ತಿದ್ದವು. ನಡುವಿನ ತಂಡಗಳು ದಾಟಲೆಂದೇ ಮೆದು ಟೈರ್ ಹಾಕಬೇಕಿತ್ತು, ಮರುದಿನ ಅದೇ ಸವೆದ ಟೈರಿನಲ್ಲಿ ಹೊರಡಬೇಕಿತ್ತು. ಹತ್ತನೇ ಸ್ಥಾನಕ್ಕಿಂತ ಹೊಸ ಟೈರ್ ಆಯ್ದುಕೊಳ್ಳಬಲ್ಲ ಹನ್ನೊಂದನೇ ಸ್ಥಾನವೇ ಲೇಸು ಎನ್ನುವ ಸ್ಥಿತಿ ಬಂತು. ಚೆನ್ನಾಗಿ ಓಡಿದವನನ್ನು ದಂಡಿಸುವ ನಿಯಮ ಯಾವ ಆಟಕ್ಕೂ ಶೋಭೆಯಲ್ಲ. 2021ರ ಅಬುಧಾಬಿಯಲ್ಲಿ, ವಿಶ್ವಪಟ್ಟ ನಿರ್ಧಾರವಾಗಬೇಕಿದ್ದ ವಾರಾಂತ್ಯದಲ್ಲಿ, ಮ್ಯಾಕ್ಸ್ ವೆರ್‌ಸ್ಟಾಪನ್ ಎರಡನೇ ಹಂತದಲ್ಲಿ ಬ್ರೇಕ್ ಬಿಗಿದು ಮಧ್ಯಮ ಟೈರನ್ನು ಕೆಡಿಸಿಕೊಂಡರು. ಮೆದು ಟೈರಿಗೆ ಬದಲಾಗುವುದು ಅನಿವಾರ್ಯವಾಯಿತು. ಪೋಲ್ ಅವರಿಗೇ ಸಿಕ್ಕಿತು. ಮಧ್ಯಮ ಟೈರಿನ ಅನುಕೂಲ ಹ್ಯಾಮಿಲ್ಟನ್ ಅವರ ಪಾಲಾಯಿತು. 2022ರಿಂದ ಈ ಕಟ್ಟುಪಾಡು ಹೋಯಿತು. ಈಗ ಯಾರು ಬೇಕಾದರೂ ಯಾವ ಟೈರಿನಲ್ಲಾದರೂ ರೇಸ್ ಆರಂಭಿಸಬಹುದು.

ಸ್ವಾತಂತ್ರ್ಯಕ್ಕೂ ಗಡಿ ಬೇಕು, ಆ ಗಡಿ ಎಲ್ಲರಿಗೂ ಕಾಣುವಂತಿರಬೇಕು. ಇಂಧನದ ಮಾದರಿ ತಪಾಸಣೆಗೆಂದು ಒಂದು ಲೀಟರ್ ಇಂಧನ ಟ್ಯಾಂಕಿನಲ್ಲಿ ಉಳಿದಿರಲೇಬೇಕೆಂಬ ನಿಯಮ ಅಂಥದ್ದು. 2012ರ ಬಾರ್ಸಿಲೋನಾದಲ್ಲಿ ಪೋಲ್ ಗಳಿಸಿದ ಹ್ಯಾಮಿಲ್ಟನ್ ಅವರ ಕಾರನ್ನು ಇಂಧನ ಸಾಲದೆಂದು ತಂಡ ಟ್ರ್ಯಾಕ್‌ನಲ್ಲೇ ನಿಲ್ಲಿಸಿತು. ಅವರನ್ನು ಗ್ರಿಡ್‌ನ ಕೊನೆಗೆ ಕಳಿಸಲಾಯಿತು. ಪೋಲ್ ಪಾಸ್ಟರ್ ಮಾಲ್ದೊನಾಡೊ ಅವರಿಗೆ ಹೋಯಿತು, ಅವರು ರೇಸನ್ನೂ ಗೆದ್ದರು. ಅದೇ ವರ್ಷ ಅಬುಧಾಬಿಯಲ್ಲಿ ವೆಟ್ಟೆಲ್ ಅವರಿಗೂ ಇದೇ ಗತಿ. ಶಿಕ್ಷೆ ಕಠಿಣವೆಂದು ಹಲವರಿಗೆ ಅನ್ನಿಸಿತು. ನನಗೆ ಅದು ಸರಿಯೆನಿಸುತ್ತದೆ. ಮಾದರಿಗೆ ಬೇಕಾದಷ್ಟು ಇಂಧನವನ್ನೂ ಹೊರದೆ ಪಡೆದ ಸಮಯ, ಅದು ಎಷ್ಟೇ ಸಣ್ಣ ಲಾಭವಾಗಿದ್ದರೂ, ಉಳಿದವರ ಸಮಯದ ಪಕ್ಕ ನಿಲ್ಲಲು ಅರ್ಹವಲ್ಲ.

ಇಂದಿನ ಪದ್ಧತಿಯಲ್ಲಿ ಕೊರತೆ ಇಲ್ಲವೆಂದಲ್ಲ. ಓಡುವ ಮೊದಲು ಟೈರ್ ಕಾಯಿಸುವ ಕಂಬಳಿಗಳ ತಾಪವನ್ನು 70 ಡಿಗ್ರಿಗೆ ಇಳಿಸಿದ ಮೇಲೆ ತಯಾರಿ ಲ್ಯಾಪಿನ ಮಹತ್ವ ಇನ್ನೂ ಹೆಚ್ಚಿದೆ. ಎಲ್ಲರೂ ಮುಂದೆ ಜಾಗ ಬಿಟ್ಟುಕೊಳ್ಳಲು ನಿಧಾನಿಸಿ ಕೊನೆಯ ತಿರುವುಗಳಲ್ಲಿ ಸಾಲುಗಟ್ಟುತ್ತಾರೆ. 2019ರ ಮೊನ್ಜಾದಲ್ಲಿ ಎದುರಿನ ಕಾರಿನ ಗಾಳಿಮರೆಗಾಗಿ ಒಬ್ಬರನ್ನೊಬ್ಬರು ಕಾಯುತ್ತಾ ಬಹುತೇಕ ಚಾಲಕರು ಸಮಯ ಮುಗಿಯುವ ಮುನ್ನ ಗೆರೆಯನ್ನೇ ದಾಟಲಿಲ್ಲ. ತಯಾರಿ ಲ್ಯಾಪಿಗೆ ಗರಿಷ್ಠ ಸಮಯ ನಿಗದಿ ಮಾಡಿದ್ದು ಇದಕ್ಕೆ ಸರಿಯಾದ ಮದ್ದು. ಅದನ್ನು ಕಟ್ಟುನಿಟ್ಟಾಗಿ ಜಾರಿ ಮಾಡಬೇಕು.

2023ರಲ್ಲಿ ಹಂಗೆರಿ ಮತ್ತು ಮೊನ್ಜಾದಲ್ಲಿ ನಡೆದ ಪ್ರಯೋಗ ಈ ಚರ್ಚೆಗೆ ಹೊಸ ಬೆಳಕು ಕೊಟ್ಟಿತು. ಟೈರ್ ಸೆಟ್‌ಗಳನ್ನು 13ರಿಂದ 11ಕ್ಕೆ ಇಳಿಸಿ, ಮೊದಲ ಹಂತಕ್ಕೆ ಗಡಸು, ಎರಡನೆಯದಕ್ಕೆ ಮಧ್ಯಮ, ಕೊನೆಯದಕ್ಕೆ ಮೆದು ಎಂದು ಎಲ್ಲರಿಗೂ ಒಂದೇ ಕಟ್ಟಳೆ ಮಾಡಿದರು. ಹಂಗೆರಿಯಲ್ಲಿ ಹ್ಯಾಮಿಲ್ಟನ್ ವೆರ್‌ಸ್ಟಾಪನ್ ಅವರನ್ನು 0.003 ಸೆಕೆಂಡಿನಿಂದ ಹಿಂದಿಕ್ಕಿ ಪೋಲ್ ಪಡೆದರು. ಸೆಕೆಂಡಿನ ಸಾವಿರದಲ್ಲಿ ಮೂರು ಭಾಗದ ಆ ಅಂತರಕ್ಕೆ ಅರ್ಥವಿದ್ದದ್ದು ಇಬ್ಬರೂ ಒಂದೇ ರಬ್ಬರಿನಲ್ಲಿ, ಹಗುರ ಟ್ಯಾಂಕಿನಲ್ಲಿ ಓಡಿದ್ದರಿಂದ. ಪ್ರಯೋಗವನ್ನು 2024ಕ್ಕೆ ಮುಂದುವರಿಸಲಿಲ್ಲ. ಅಭ್ಯಾಸಕ್ಕೆ ಟೈರ್ ಸಾಲದೆ ಕಾರುಗಳು ಶುಕ್ರವಾರ ಓಡುವುದೇ ಕಡಿಮೆಯಾಗುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೂ ಸೆಟ್‌ಗಳ ಸಂಖ್ಯೆ ಇಳಿಸದೆ, ಪ್ರತಿ ಹಂತಕ್ಕೂ ಎಲ್ಲರಿಗೂ ಒಂದೇ ಟೈರ್ ಎಂಬ ಭಾಗವನ್ನಾದರೂ ಉಳಿಸಿಕೊಳ್ಳಬಹುದಿತ್ತು.

ಒಟ್ಟಾರೆ ನನ್ನ ತೀರ್ಮಾನ ಇದು. ಇಂಧನ ಮತ್ತು ಟೈರ್ ರೇಸ್ ತಂತ್ರದ ಜೀವಾಳ. ಭಾನುವಾರ ಅವು ಎಷ್ಟು ಬೇಕಾದರೂ ಆಟವಾಡಲಿ. ಶನಿವಾರದ ಒಂದು ಗಂಟೆ ಮಾತ್ರ ಅವು ಎಲ್ಲರಿಗೂ ಸಮವಾಗಿರಲಿ, ಇಲ್ಲವೇ ಕನಿಷ್ಠ ಎಲ್ಲರಿಗೂ ಕಾಣುವಂತಿರಲಿ. ಗ್ರಿಡ್ ಊಹಿಸಿದಂತೆಯೇ ಬರುತ್ತದೆ ಎಂದು ದೂರುವವರು ಪದೇ ಪದೇ ಹೊಸ ಹೊರೆಗಳನ್ನು ಸೂಚಿಸುತ್ತಲೇ ಇರುತ್ತಾರೆ. ಅವರು ಸ್ಪಾದ ತೂಕದ ಪಟ್ಟಿಯನ್ನೂ ನೊಯಿಡಾದ ಎರಡು ಬಗೆಯ ಟೈರುಗಳನ್ನೂ ನೆನಪಿಸಿಕೊಳ್ಳಬೇಕು. ಚಿಕ್ಕ ತಂಡವೊಂದು ದೊಡ್ಡವರನ್ನು ಸೋಲಿಸಿದ ದಿನ, ಆ ಗೆಲುವಿನ ಮೇಲೆ ಅನುಮಾನದ ನೆರಳು ಬೀಳದಂತೆ ಕಾಯುವುದು ನಿಯಮದ ಮೊದಲ ಕರ್ತವ್ಯ. ಹಗುರ ಟ್ಯಾಂಕ್, ಆಯ್ಕೆಗೆ ಮುಕ್ತ ಟೈರ್ ಎಂಬ 2022ರ ನಂತರದ ಪದ್ಧತಿ ಆ ಕರ್ತವ್ಯಕ್ಕೆ ಅತ್ಯಂತ ಹತ್ತಿರ ಬಂದಿದೆ. ಅದನ್ನು ಕದಲಿಸದೆ ಉಳಿಸಿಕೊಳ್ಳಬೇಕು.